ವಿಚ್ ಸಲ್ಲಿಸಿದ ಅರ್ಜಿ

1711ರ ಮೇ 30ರಂದು ಲಂಡನ್ನಿನ ‘ದಿ ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಒಂದು ಅರ್ಜಿ ಅಚ್ಚಾಯಿತು. ಅರ್ಜಿದಾರರು ‘ಹೂ’ ಮತ್ತು ‘ವಿಚ್’ (ಮುಡಿಯುವ ಹೂವಲ್ಲ, ಇಂಗ್ಲಿಷಿನ ಹೂ). ತಾವು ಹಳೇ ಮನೆತನದವರು, ನಿನ್ನೆ ಮೊನ್ನೆ ಬಂದ ‘ದಟ್’ ಎಂಬ ಪುಂಡ ತಮ್ಮ ಜಾಗವನ್ನು ಕಬಳಿಸಿದ್ದಾನೆ, ನ್ಯಾಯ ಕೊಡಿಸಿ ಎಂಬುದು ಅವುಗಳ ಗೋಳು. ಬರೆದವರು ರಿಚರ್ಡ್ ಸ್ಟೀಲ್. ಎರಡೇ ದಿನಕ್ಕೆ ದಟ್‌ನ ತಕರಾರು ಅರ್ಜಿಯೂ ಅದೇ ಪತ್ರಿಕೆಯಲ್ಲಿ ಬಂತು.

ದಾಖಲೆ ತೆಗೆಸಿದರೆ ಸೋಲುವುದು ವಿಚ್‌ನ ಕಡೆಯೇ. ಎರಡು ಮಾತನ್ನು ಒಂದಕ್ಕೊಂದು ಗಂಟುಹಾಕುವ ಕೆಲಸವನ್ನು ದಟ್ ಹಳೆಯ ಇಂಗ್ಲಿಷಿನ ಕಾಲದಿಂದಲೂ ಮಾಡಿಕೊಂಡು ಬಂದಿತ್ತು. ವಿಚ್ ಆಗಿನ್ನೂ ‘ಎಂಥದು, ಯಾವ ಬಗೆಯದು’ ಎಂದು ಪ್ರಶ್ನೆ ಕೇಳಿಕೊಂಡು ಓಡಾಡುತ್ತಿದ್ದ ಪದ. ಅದು ಈ ಹುದ್ದೆಗೆ ಬಂದದ್ದು ಮಧ್ಯಕಾಲದ ಇಂಗ್ಲಿಷಿನಲ್ಲಿ; ಹೂ ಬಂದು ತಳವೂರಿದ್ದು ಇನ್ನೂ ತಡವಾಗಿ. ಬಂದ ಹೊಸದರಲ್ಲಿ ವಿಚ್‌ಗೆ ವಸ್ತು, ಮನುಷ್ಯ ಎಂಬ ಭೇದವೂ ಇರಲಿಲ್ಲ. 1611ರ ಇಂಗ್ಲಿಷ್ ಬೈಬಲಿನ ಪ್ರಾರ್ಥನೆಯಲ್ಲಿ ಪರಲೋಕದ ತಂದೆಗೂ ವಿಚ್ಚೇ. ಈಗ ಮನೆಯ ನಾಯಿಗೆ ವಿಚ್ ಎಂದರೆ ಸಾಕಿದವರ ಮುಖ ಸಣ್ಣದಾಗುತ್ತದೆ, ಅದಕ್ಕೂ ಹೂ ಬೇಕು.

ನಮ್ಮ ಶಾಲೆಗಳಲ್ಲಿ ರಿಲೇಟಿವ್ ಕ್ಲಾಜ್ (ಹೂ, ವಿಚ್, ದಟ್‌ಗಳು ಗಂಟುಹಾಕುವ ಉಪವಾಕ್ಯ) ಎಂದರೆ ಎರಡು ವಾಕ್ಯ ಕೊಟ್ಟು ‘ಜಾಯಿನ್ ಮಾಡಿ’ ಎನ್ನುವ ಎರಡು ಅಂಕದ ಪ್ರಶ್ನೆ. ಮನುಷ್ಯನಾದರೆ ಹೂ, ವಸ್ತುವಾದರೆ ವಿಚ್, ಅಲ್ಲಿಗೆ ಪಾಠ ಮುಗಿಯಿತು. ಅರ್ಥವನ್ನು ಕಟ್ಟುವ, ಕೆಡಿಸುವ ಅಧಿಕಾರ ಪಕ್ಕದ ಅಲ್ಪವಿರಾಮದ ಕೈಯಲ್ಲಿದೆ ಎಂದು ಹೇಳುವವರು ಕಡಿಮೆ. ಪರೀಕ್ಷೆಗೆ ಮುಂಚೆ ಕಾಲೇಜಿನ ಸೂಚನಾ ಫಲಕದಲ್ಲಿ ಹೀಗೊಂದು ಸಾಲಿದೆ ಎಂದುಕೊಳ್ಳಿ: ‘ಸ್ಟೂಡೆಂಟ್ಸ್, ಹೂ ಹ್ಯಾವ್ ನಾಟ್ ಪೇಯ್ಡ್ ದ ಫೀಸ್, ವಿಲ್ ನಾಟ್ ಬಿ ಅಲೌಡ್.’ ಬರೆದ ಗುಮಾಸ್ತರು ಬಾಕಿದಾರರನ್ನು ಮಾತ್ರ ಹೆದರಿಸಲು ಹೊರಟವರು. ಆ ಎರಡು ಅಲ್ಪವಿರಾಮಗಳು ಇಡೀ ಕಾಲೇಜನ್ನೇ ಬಾಕಿದಾರರನ್ನಾಗಿ ಮಾಡಿ ಹೊರಗೆ ನಿಲ್ಲಿಸಿವೆ. ಅವನ್ನು ಅಳಿಸಿಬಿಟ್ಟರೆ ಶುಲ್ಕ ಕಟ್ಟಿದವರು ನೆಮ್ಮದಿಯಾಗಿ ಪರೀಕ್ಷೆಗೆ ಕೂರಬಹುದು. ಅಲ್ಪವಿರಾಮವಿಲ್ಲದ ಉಪವಾಕ್ಯ ‘ಇಂಥವರು ಮಾತ್ರ’ ಎಂದು ಆರಿಸಿ ಬೇರೆಮಾಡುತ್ತದೆ. ಇರುವಂಥದು ‘ಅಂದಹಾಗೆ’ ಎಂದು ಒಂದು ಸುದ್ದಿ ಸೇರಿಸುತ್ತದೆ, ಅಷ್ಟೆ.

ಕನ್ನಡಿಗರು ಇಲ್ಲಿ ಎಡವುವುದಕ್ಕೆ ಕಾರಣವಿದೆ. ‘ಮೈಸೂರಿನಲ್ಲಿರುವ ನಮ್ಮಣ್ಣ ಡಾಕ್ಟರು’ ಎಂದರೆ ನನಗೆ ಒಬ್ಬನೇ ಅಣ್ಣನೋ, ಮೂವರಲ್ಲಿ ಮೈಸೂರಿನವನೋ ಎಂದು ವಾಕ್ಯ ಬಾಯಿಬಿಡುವುದಿಲ್ಲ. ಬಂದ, ಬರುವ, ಬಾರದ ಎಂದು ಕ್ರಿಯಾಪದವನ್ನೇ ನಾಮಪದದ ಮುಂದೆ ತಂದು ನಿಲ್ಲಿಸಿದರೆ ನಮ್ಮ ಕೆಲಸ ಆಯಿತು. ನಡುವೆ ವಿಚ್ಚೂ ಬೇಡ, ಹೂವೂ ಬೇಡ. ಈ ಮಿತವ್ಯಯಕ್ಕೆ ತೆರುವ ಬೆಲೆಯೂ ಉಂಟು. ‘ಹುಲಿ ಕೊಂದ ಬೇಟೆಗಾರ’ ಎಂದರೆ ಸತ್ತವರು ಯಾರು? ಹಿಂದುಮುಂದಿನ ಮಾತು ಗೊತ್ತಿಲ್ಲದೆ ಹೇಳುವಂತಿಲ್ಲ. ಇಂಗ್ಲಿಷಿನಲ್ಲಿ ಕೊಂದವನಾದರೆ ‘ದ ಹಂಟರ್ ಹೂ ಕಿಲ್ಡ್ ದ ಟೈಗರ್’. ಸತ್ತವನಾದರೆ ‘ದ ಹಂಟರ್ ದ ಟೈಗರ್ ಕಿಲ್ಡ್’. ಎರಡನೆಯದರಲ್ಲಿ ಗಂಟಿನ ಪದವೇ ಮಾಯ, ಆದರೂ ಗೊಂದಲವಿಲ್ಲ. ಇದನ್ನು ಕಂಡು ಧೈರ್ಯ ಬಂದು ‘ದ ಮ್ಯಾನ್ ಕೇಮ್ ಯೆಸ್ಟರ್ಡೇ ಈಸ್ ಮೈ ಅಂಕಲ್’ ಎಂದುಬಿಡುವವರಿದ್ದಾರೆ. ಬಂದವನು ಅವನೇ, ಅಂದರೆ ಉಪವಾಕ್ಯದ ಕರ್ತೃ ಅವನೇ. ಅಲ್ಲಿ ಹೂವನ್ನು ಬಿಡುವಂತಿಲ್ಲ. ಇನ್ನು ಕೆಲವರು ಅತಿ ಎಚ್ಚರದಿಂದ ‘ದ ಬುಕ್ ವಿಚ್ ಐ ಬಾಟ್ ಇಟ್’ ಎಂದು ಬಾಲಕ್ಕೊಂದು ಇಟ್ ಕಟ್ಟುತ್ತಾರೆ. ಅದರ ಕೆಲಸವನ್ನು ವಿಚ್ ಆಗಲೇ ಮಾಡಿ ಮುಗಿಸಿರುತ್ತದೆ.

ಇನ್ನು ದಟ್ ಮತ್ತು ವಿಚ್‌ನ ಹಳೇ ವ್ಯಾಜ್ಯ. ಅದಕ್ಕೆ ರಾಜಿ ಸೂತ್ರ ಹೇಳಿದವರು ಹೆನ್ರಿ ಫೌಲರ್, 1926ರ ತಮ್ಮ ಇಂಗ್ಲಿಷ್ ಬಳಕೆಯ ನಿಘಂಟಿನಲ್ಲಿ. ಆರಿಸಿ ಹೇಳುವುದಕ್ಕೆ ದಟ್, ಸೇರಿಸಿ ಹೇಳುವುದಕ್ಕೆ ವಿಚ್ ಎಂದು ಪಾಲು ಮಾಡಿಕೊಂಡರೆ ಚೆನ್ನ ಎಂದರು. ಬಹುಪಾಲು ಲೇಖಕರಾಗಲಿ, ಒಳ್ಳೆಯ ಲೇಖಕರಾಗಲಿ ಹಾಗೆ ಬರೆಯುತ್ತಿಲ್ಲ ಎಂಬುದನ್ನೂ ಒಪ್ಪಿಕೊಂಡರು. ಆ ಪ್ರಾಮಾಣಿಕತೆ ಅಮೆರಿಕ ಮುಟ್ಟುವ ಹೊತ್ತಿಗೆ ಉದುರಿಹೋಗಿ, ಸಲಹೆ ಶಾಸನವಾಯಿತು. ವಿಚ್ ಎಂದರೆ ಮಾಟಗಾತಿಯೂ ಹೌದು, ಉಚ್ಚಾರ ಒಂದೇ. 1959ರಲ್ಲಿ ‘ದಿ ಎಲಿಮೆಂಟ್ಸ್ ಆಫ್ ಸ್ಟೈಲ್’ ಪುಸ್ತಕವನ್ನು ಪರಿಷ್ಕರಿಸಿದ ಇ. ಬಿ. ವೈಟ್ ಇದೇ ಶ್ಲೇಷೆ ಹಿಡಿದು, ಎಚ್ಚರದ ಬರಹಗಾರ ವಿಚ್‌ಗಳನ್ನು ಬೇಟೆಯಾಡುತ್ತಾನೆ ಎಂದರು. ಅದಕ್ಕೆ ಹನ್ನೊಂದು ವರ್ಷ ಮೊದಲು, ತಾವು ಸಾಕಿದ ಹಂದಿಯೊಂದು ಸತ್ತದ್ದರ ಬಗ್ಗೆ ಅವರೇ ಬರೆದ ಸೊಗಸಾದ ಪ್ರಬಂಧದಲ್ಲಿ ಬೇಟೆಗೆ ಅರ್ಹವಾದ ವಿಚ್ ಒಂದು ಹಾಯಾಗಿ ಕುಳಿತಿದೆ. ಈಗ ಆ ಬೇಟೆಯನ್ನು ಕಂಪ್ಯೂಟರು ಮಾಡುತ್ತದೆ, ವಿಚ್‌ನ ಅಡಿಯಲ್ಲಿ ಗೆರೆ ಎಳೆದು. ನನ್ನ ಮಟ್ಟಿಗೆ ಆ ಗೆರೆಗೆ ಗಾಬರಿಯಾಗಬೇಕಾದ್ದಿಲ್ಲ. ಅಲ್ಪವಿರಾಮದ ನಂತರ ದಟ್ ಹಾಕಿದರೆ ಇಂದಿನ ಕಿವಿಗೆ ಕರ್ಕಶ, ಅಷ್ಟು ನಿಜ. ಅಲ್ಪವಿರಾಮವಿಲ್ಲದ ಕಡೆ ವಿಚ್ ಬಂದರೆ ಲೋಕವೇನೂ ಮುಳುಗುವುದಿಲ್ಲ.

ವಿಚ್‌ಗೆ ಇನ್ನೊಂದು ವಿದ್ಯೆ ಗೊತ್ತು, ದಟ್‌ಗೆ ಅದು ಒಲಿಯಲಿಲ್ಲ. ‘ಹೀ ಕೇಮ್ ಲೇಟ್, ವಿಚ್ ಅನಾಯ್ಡ್ ಮೈ ಮದರ್’ ಎನ್ನುವಾಗ ವಿಚ್ ಬೆರಳು ತೋರಿಸುವುದು ಯಾವ ನಾಮಪದಕ್ಕೂ ಅಲ್ಲ, ಅವನು ತಡವಾಗಿ ಬಂದ ಇಡೀ ಸಂಗತಿಗೆ. ಮಾತಿನಲ್ಲಿ ಈ ಸಲುಗೆ ಇನ್ನೂ ಮುಂದಕ್ಕೆ ಹೋಗುತ್ತದೆ. ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯ ಕಮ್ಮಾರ ಜೋ, ದೊಡ್ಡವರೆದುರು ನಾಲಗೆ ತೊಡರಿದಾಗಲೆಲ್ಲ ವಿಚ್‌ನಿಂದಲೇ ಮಾತು ಶುರುಮಾಡುತ್ತಾನೆ. ಹಿಂದಿನ ಯಾವ ಪದಕ್ಕೂ ಅದರ ನಂಟಿಲ್ಲ. ವ್ಯಾಕರಣದವರು ಹುಬ್ಬು ಗಂಟಿಕ್ಕಬಹುದು; ಜೋಗೆ ಉಸಿರು ತೆಗೆದುಕೊಳ್ಳಲು ಅಷ್ಟು ಹೊತ್ತು ಸಿಗುತ್ತದೆ.