ಮದುವೆಯ ಛಾಯಾಚಿತ್ರಗಳಲ್ಲಿ ಅಂಚಿನ ವಿವರಗಳು: ಒಂದು ಆಕರವಿಚಾರ

ಪ್ರಾಚೀನ ಲಾಕ್ಷಣಿಕರು ಮಹಾಕಾವ್ಯಕ್ಕೆ ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ವಿವಾಹವೂ ಒಂದೆಂಬುದು ವಿದಿತವಾದ ಸಂಗತಿ. ಹರಿಹರನ 'ಗಿರಿಜಾಕಲ್ಯಾಣ'ದಲ್ಲಿ ಅದು ಒಂದು ಅಂಗವಾಗಿ ನಿಲ್ಲದೆ ಇಡೀ ಕಾವ್ಯದ ಗುರಿಯೇ ಆಗಿದೆ. ಇಂತಹ ವರ್ಣನೆಗಳನ್ನು ಸಾಮಾಜಿಕ ಇತಿಹಾಸಕ್ಕೆ ಆಕರವಾಗಿ ಬಳಸಿಕೊಳ್ಳುವ ಪದ್ಧತಿ ನಮ್ಮ ಸಂಶೋಧನೆಯಲ್ಲಿ ಹಳೆಯದು. ಆದರೆ ನಮ್ಮ ಮನೆಗಳ ಕಪಾಟುಗಳಲ್ಲಿಯೇ ತಲೆಮಾರುಗಳಿಂದ ಸಂಚಯಗೊಂಡಿರುವ ಇನ್ನೊಂದು ಬಗೆಯ ವಿವಾಹವರ್ಣನೆಯತ್ತ, ಅಂದರೆ ಮದುವೆಯ ಛಾಯಾಚಿತ್ರಗಳತ್ತ, ನಾವು ಅಷ್ಟಾಗಿ ಲಕ್ಷ್ಯಗೊಟ್ಟಿಲ್ಲ. ಹೊರನಾಡ ಕನ್ನಡಿಗರ ಮಟ್ಟಿಗೆ ಈ ಆಕರದ ಮಹತ್ತ್ವ ಇನ್ನೂ ಹೆಚ್ಚಿನದು. ಎರಡು ಮೂರು ತಲೆಮಾರುಗಳ ಹಿಂದೆ ಮುಂಬಯಿಗೋ ಪುಣೆಗೋ ಬಂದು ನೆಲೆಸಿದ ಅನೇಕ ಕುಟುಂಬಗಳಲ್ಲಿ ಕಾಗದಪತ್ರಗಳು ಉಳಿದಿಲ್ಲ, ಆಲ್ಬಂ ಉಳಿದಿದೆ.

ಈ ಆಲ್ಬಂಗಳಲ್ಲಿ ಮಾಂಗಲ್ಯಧಾರಣೆ, ಧಾರೆ, ಸಪ್ತಪದಿಗಳ ಚಿತ್ರಗಳಿಗಿಂತ ನಮಗೆ ಮುಖ್ಯವೆನಿಸುವುದು ಯಾರೂ ಭಂಗಿ ಕೊಡದಿದ್ದಾಗ ಸೆರೆಯಾದ ಕಿರುವಿವರಗಳು. ಇಂದು 'ಕ್ಯಾಂಡಿಡ್' ಎಂಬ ಹೆಸರಿನಲ್ಲಿ ಬಹು ಜನಪ್ರಿಯವಾಗಿರುವ ಈ ಬಗೆಯ ಚಿತ್ರಕ್ಕೂ ಆಕಸ್ಮಿಕವಾಗಿ ಉಳಿದುಬಂದ ಹಳೆಯ ಚಿತ್ರಕ್ಕೂ ಸಾಕ್ಷ್ಯದ ದೃಷ್ಟಿಯಿಂದ ಇರುವ ಅಂತರವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1839ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಗೊಂಡ ಛಾಯಾಗ್ರಹಣ ವಿದ್ಯೆ ಭಾರತಕ್ಕೆ ತಡಮಾಡದೆ ಬಂದಿತು. ಮುಂಬಯಿಯಲ್ಲಿ 1854ರಲ್ಲಿ, ಮದರಾಸು ಮತ್ತು ಕಲ್ಕತ್ತೆಗಳಲ್ಲಿ 1856ರಲ್ಲಿ ಛಾಯಾಗ್ರಾಹಕರ ಸಂಘಗಳು ಏರ್ಪಟ್ಟವು. ಅಂದಿನ ಗಾಜಿನ ಫಲಕಗಳ ಮುಂದೆ ಕೆಲವು ಕ್ಷಣಗಳಾದರೂ ಅಲುಗಾಡದೆ ಕೂರಬೇಕಿತ್ತು. ಹಳೆಯ ದಂಪತಿಗಳ ಚಿತ್ರಗಳಲ್ಲಿ ಕಾಣುವ ಬಿಗುವನ್ನು ಕೇವಲ ಮರ್ಯಾದೆ, ಸಂಕೋಚಗಳ ಕುರುಹೆಂದು ಓದುವವರು ಈ ತಾಂತ್ರಿಕ ನಿರ್ಬಂಧವನ್ನು ಮರೆಯಬಾರದು. ಸಂಕೋಚವಿರಲಿಲ್ಲವೆಂದಲ್ಲ. ಲಾಲಾ ದೀನದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಅಂತಃಪುರದ ಸ್ತ್ರೀಯರಿಗೆಂದೇ ತೆರೆದ ಸ್ಟುಡಿಯೋವನ್ನು ಮಹಿಳೆಯೊಬ್ಬರ ವಶಕ್ಕೆ ಒಪ್ಪಿಸಬೇಕಾಗಿ ಬಂದುದೇ ಇದಕ್ಕೆ ನಿದರ್ಶನ.

1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾದಂತಹ ಕೈಯಲ್ಲಿ ಹಿಡಿಯಬಹುದಾದ ಕ್ಯಾಮೆರಾಗಳು ಈ ಸ್ಥಿತಿಯನ್ನು ಬದಲಿಸಿದವು. ಜರ್ಮನಿಯ ಎರಿಕ್ ಸಾಲೊಮನ್ ಸಮ್ಮೇಳನಗಳಲ್ಲಿ ರಾಜಕಾರಣಿಗಳ ಅರಿವಿಗೆ ಬಾರದಂತೆ ತೆಗೆದ ಚಿತ್ರಗಳಿಂದಾಗಿ 'ಕ್ಯಾಂಡಿಡ್' ಎಂಬ ಮಾತು 1930ರ ಸುಮಾರಿಗೆ ಛಾಯಾಗ್ರಹಣದಲ್ಲಿ ಬಳಕೆಗೆ ಬಂದಿತು. ಮೈಸೂರಿನಿಂದ ಹೊರಟು ದೆಹಲಿಯಲ್ಲಿ ಬಹುಕಾಲ ನೆಲೆಸಿದ್ದ ಟಿ. ಎಸ್. ಸತ್ಯನ್ (1923–2009) ಅವರು ಸಾಮಾನ್ಯ ಜನರ ನಿತ್ಯಜೀವನವನ್ನು ಸಹಜವಾಗಿ ಹಿಡಿದುಕೊಟ್ಟರು. ಆದರೆ ಇದೆಲ್ಲ ಪತ್ರಿಕಾ ಛಾಯಾಗ್ರಹಣದ ಮಾತಾಯಿತು. ಮದುವೆಯ ಮನೆಯ ಲೆಕ್ಕವೇ ಬೇರೆ. ಅಲ್ಲಿ ಬಹುಕಾಲ ಬಳಕೆಯಲ್ಲಿದ್ದ ಚೌಕಾಕೃತಿಯ ಕ್ಯಾಮೆರಾದಲ್ಲಿ ಒಂದು ರೋಲಿಗೆ ದೊರೆಯುತ್ತಿದ್ದುದು ಹನ್ನೆರಡು ಚಿತ್ರ. ಎರಡು ರೋಲು ತರಿಸಿದರೆ ಇಪ್ಪತ್ತನಾಲ್ಕು. ಬೀಗರು, ಸೋದರಮಾವಂದಿರು, ಪುರೋಹಿತರು, ಕಚೇರಿಯ ಮೇಲಧಿಕಾರಿ—ಇವರೆಲ್ಲರಿಗೆ ಹಂಚಿ ಮುಗಿಯುವ ಸಂಪತ್ತು ಅದು. ಅದರಲ್ಲಿ ಒಂದನ್ನು ಮಗುವಿನ ಅಳುವಿಗೋ ಉರುಳಿದ ಕಲಶಕ್ಕೋ ವ್ಯಯಮಾಡುವವರು ಯಾರು?

ಆದರೂ ಅಂತಹ ಚಿತ್ರಗಳು ದೊರೆಯುತ್ತವೆ. ಇದಕ್ಕೆ ಕಾರಣ ಛಾಯಾಗ್ರಾಹಕನ ಕಲಾಪ್ರಜ್ಞೆಗಿಂತ ಮಿಗಿಲಾಗಿ ಅವನ ವ್ಯವಹಾರ. ರೋಲನ್ನು ಕ್ಯಾಮೆರಾದಿಂದ ಬಿಚ್ಚುವ ಮುನ್ನ ಉಳಿದ ಒಂದೆರಡು ಚಿತ್ರಗಳನ್ನು ಹೇಗಾದರೂ ಮುಗಿಸಬೇಕಾಗಿತ್ತು. ಹೀಗೆ ರೋಲು ಮುಗಿಸಲೆಂದು ತೆಗೆದ ಒಂದು ಚಿತ್ರವನ್ನು ನಾವು ಪುಣೆಯ ಕನ್ನಡ ಕುಟುಂಬವೊಂದರಲ್ಲಿ ಪರಿಶೀಲಿಸಿದೆವು. ಹಿಂಬದಿಯಲ್ಲಿ ಸ್ಟುಡಿಯೋದ ಮೊಹರು ಮರಾಠಿಯಲ್ಲಿದೆ. ಅದರ ಕೆಳಗೆ ಕನ್ನಡದಲ್ಲಿ, ಪೆನ್ಸಿಲಿನಿಂದ, 'ಶೋಭಕೃತ್ ವೈಶಾಖ' ಎಂದಷ್ಟೇ ಬರೆದಿದೆ. ಶಕವರ್ಷವಿಲ್ಲದ ಸಂವತ್ಸರದ ತೊಡಕು ಹಸ್ತಪ್ರತಿಗಳೊಡನೆ ಒಡನಾಡಿದವರಿಗೆ ಪರಿಚಿತವಾದದ್ದೇ. ಅರವತ್ತು ವರ್ಷಗಳ ಆವರ್ತದಲ್ಲಿ ಇದು 1903, 1963, 2023 ಮೂರಕ್ಕೂ ಸಲ್ಲುತ್ತದೆಯಾದರೂ ಫಿಲ್ಮಿನ ಸ್ವರೂಪ ಮತ್ತು ಚಿತ್ರದಲ್ಲಿರುವವರ ವಯಸ್ಸುಗಳಿಂದ 1963 ಎಂದು ನಿಶ್ಚಯಿಸಲು ಅಡ್ಡಿಯಿಲ್ಲ.

ಆಲ್ಬಂನಲ್ಲಿ ಈ ಚಿತ್ರಕ್ಕೆ ಸ್ಥಾನ ದೊರೆತಿಲ್ಲ. ಲಕೋಟೆಯೊಂದರಲ್ಲಿ ನೆಗೆಟಿವುಗಳೊಡನೆ ಬಿದ್ದಿತ್ತು. ಅಡುಗೆಯ ಚಪ್ಪರ. ಹಂಡೆಯ ಹೊಗೆ ಅರ್ಧ ಚಿತ್ರವನ್ನು ಮುಸುಕಿದೆ. ಎಡಗಡೆ ಬೆಂಚಿನ ಮೇಲೆ ಮುಯ್ಯಿಯ ಪುಸ್ತಕ ತೆರೆದೇ ಇದೆ. ಭೂತಗನ್ನಡಿಯಲ್ಲಿ ನೋಡಿದರೆ ಒಂದು ಪುಟದಲ್ಲಿ ಕನ್ನಡವೂ ಎದುರು ಪುಟದಲ್ಲಿ ದೇವನಾಗರಿಯೂ ಕಾಣುತ್ತವೆ. ವರನ ಕಡೆ ಒಂದು ಲಿಪಿ, ನೆರೆಹೊರೆಗೆ ಇನ್ನೊಂದು ಲಿಪಿ ಎಂದು ನಮ್ಮ ಊಹೆ. ಬಲಗಡೆಯ ಅಂಚಿನಲ್ಲಿ ತಲೆಯ ಮೇಲೆ ಸೆರಗು ಹೊದ್ದ ವೃದ್ಧೆಯೊಬ್ಬರು ಈಳಿಗೆಮಣೆಯ ಮುಂದೆ ಕುಳಿತಿದ್ದಾರೆ. ಅವರ ಅರ್ಧ ಮುಖ ಚೌಕಟ್ಟಿನಿಂದ ಹೊರಗುಳಿದಿದೆ. ಉಳಿದ ಇಪ್ಪತ್ತಮೂರು ಚಿತ್ರಗಳಲ್ಲಿ ಎಲ್ಲಿಯೂ ಅವರಿಲ್ಲ. ವರನ ಸೋದರತ್ತೆ, ಬಾಲವಿಧವೆ ಎಂದು ಮನೆಯವರು ತಿಳಿಸಿದರು. ಅವರ ಹೆಸರನ್ನು ಹೇಳಬಲ್ಲವರು ಈಗ ಆ ಮನೆಯಲ್ಲಿ ಇಲ್ಲ. ಮಂಗಳಕಾರ್ಯದ ಗುಂಪುಚಿತ್ರದಲ್ಲಿ ಯಾರಿಗೆ ಸ್ಥಳವಿರಲಿಲ್ಲ ಎಂಬುದನ್ನು ಗುಂಪುಚಿತ್ರ ತಾನಾಗಿ ಹೇಳಲಾರದು. ಅದನ್ನು ಹೇಳುವುದು ವ್ಯರ್ಥವೆಂದು ಭಾವಿಸಲಾದ ಈ ಒಂದು ಚಿತ್ರ.

ಹಾಗಾದರೆ ಸಹಜವಾಗಿ ತೋರುವ ಪ್ರತಿಯೊಂದು ವಿವರವೂ ಸಾಕ್ಷ್ಯವೆ? ಇಲ್ಲಿ ಕಾವ್ಯಾಭ್ಯಾಸದ ಅನುಭವ ನೆರವಿಗೆ ಬರುತ್ತದೆ. ಮದುವಣಿಗನ ಮೆರವಣಿಗೆಯನ್ನು ನೋಡಲು ಅಲಂಕಾರವನ್ನು ಅರ್ಧಕ್ಕೇ ಬಿಟ್ಟು ಗವಾಕ್ಷಗಳಿಗೆ ಧಾವಿಸುವ ಪುರಸ್ತ್ರೀಯರ ವರ್ಣನೆಯನ್ನು ನೆನೆಯೋಣ. ಒಬ್ಬಳ ಒಂದು ಕಣ್ಣಿಗೆ ಮಾತ್ರ ಕಾಡಿಗೆ. ಇನ್ನೊಬ್ಬಳ ಹೆಜ್ಜೆಹೆಜ್ಜೆಗೂ ಹಸಿ ಅರಗಿನ ಗುರುತು. ಮತ್ತೊಬ್ಬಳ ಪೋಣಿಸಿ ಮುಗಿಯದ ಡಾಬಿನಿಂದ ಮಣಿಗಳು ಉದುರುತ್ತವೆ. ಇದಕ್ಕಿಂತ 'ಕ್ಯಾಂಡಿಡ್' ಆದುದು ಯಾವುದಿದೆ? ಆದರೆ ಕಾಳಿದಾಸನ 'ರಘುವಂಶ' ಮತ್ತು 'ಕುಮಾರಸಂಭವ' ಎರಡರ ಏಳನೆಯ ಸರ್ಗದಲ್ಲಿಯೂ ಈ ಪದ್ಯಗಳಲ್ಲಿ ಹಲವು ಹೆಚ್ಚುಕಡಿಮೆ ಹಾಗೆಯೇ ಬರುತ್ತವೆ. ಕನ್ನಡ ಕವಿಗಳಿಗೂ ಈ ಜಾಡು ಅಪರಿಚಿತವಲ್ಲ. ಮೊದಲ ಬಾರಿಗೆ ಯಾರೋ ಕಂಡ ಕ್ಷಣ ಅನಂತರ ಕವಿಸಮಯದಂತೆ ಸಿದ್ಧಸಾಮಗ್ರಿಯಾಯಿತು.

ಇಂದಿನ ಮದುವೆಯ ಛಾಯಾಗ್ರಹಣವೂ ಇದೇ ದಾರಿಯಲ್ಲಿದೆ. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಚಿತ್ರಗಳ ಎಣಿಕೆಗೆ ಮಿತಿಯಿಲ್ಲವಾಯಿತು. 2010ರ ದಶಕದಿಂದೀಚೆಗೆ ನಗರದ ಮದುವೆಗಳಲ್ಲಿ ಸಾಂಪ್ರದಾಯಿಕ ಛಾಯಾಗ್ರಾಹಕನಲ್ಲದೆ ಕ್ಯಾಂಡಿಡ್ ಛಾಯಾಗ್ರಾಹಕನನ್ನೂ ಬೇರೆಯಾಗಿ ಗೊತ್ತುಮಾಡುವ ರೂಢಿ ಬೆಳೆದಿದೆ. ಅಂತರ್ಪಟ ಸರಿದಾಗಿನ ವಧುವಿನ ನಗೆ, ಜೀರಿಗೆ–ಬೆಲ್ಲ ಹಿಡಿದ ಕೈ, ಕಣ್ಣೊರೆಸಿಕೊಳ್ಳುವ ತಂದೆ. ಇವು ಸುಳ್ಳೆಂದು ನಾವು ಹೇಳುವುದಿಲ್ಲ. ತಂದೆಯ ಕಣ್ಣೀರು ನಿಜವೇ. ಆದರೆ ಅದನ್ನು ನಿರೀಕ್ಷಿಸಿ ಕ್ಯಾಮೆರಾ ಮೊದಲೇ ಸಿದ್ಧವಾಗಿರುತ್ತದೆ; ಒಮ್ಮೊಮ್ಮೆ ತಪ್ಪಿಹೋದ ನಗೆಯನ್ನು ಮತ್ತೊಮ್ಮೆ ನಗಿಸಿ ಪಡೆಯುವುದೂ ಉಂಟು. ನೂರು ಆಲ್ಬಂಗಳಲ್ಲಿ ಪುನರಾವರ್ತನೆಯಾಗುವ ವಿವರ ಆ ಕಾಲದ ಅಭಿರುಚಿಯನ್ನು ತಿಳಿಸೀತೇ ಹೊರತು ಆ ಮನೆಯ ಸಂಗತಿಯನ್ನಲ್ಲ. ಲಿಪಿಕಾರನ ಕೈತಪ್ಪಿನಿಂದ ಅವನ ಕಾಲದ ಉಚ್ಚಾರಣೆಯನ್ನು ಊಹಿಸುವ ಗ್ರಂಥಸಂಪಾದಕನಂತೆ, ಯಾರಿಗೂ ಬೇಡವಾಗಿಯೂ ಚೌಕಟ್ಟಿನೊಳಗೆ ನುಸುಳಿದುದನ್ನು ನಾವು ಹುಡುಕಬೇಕಾಗುತ್ತದೆ: ಮಂಟಪದ ಹಿಂದೆ ಥರ್ಮಕೋಲಿನಲ್ಲಿ ಕತ್ತರಿಸಿ ಅಂಟಿಸಿದ ಹೆಸರುಗಳು ಯಾವ ಲಿಪಿಯಲ್ಲಿವೆ, ತಾಂಬೂಲದ ಚೀಲದ ಮೇಲೆ ಏನು ಅಚ್ಚಾಗಿದೆ, ವಧುವಿನ ಹಣೆಯಲ್ಲಿ ಬಾಸಿಂಗವಿದೆಯೋ ಮರಾಠಿ ಪದ್ಧತಿಯ ಮುಂಡಾವಳಿಯೋ, ಓಲಗದವರು ಎಲ್ಲಿ ಕುಳಿತಿದ್ದಾರೆ.

ಈ ಹುಡುಕಾಟಕ್ಕೆ ಉಳಿದಿರುವ ಅವಧಿ ದೀರ್ಘವಾದುದಲ್ಲ. ಕಪ್ಪುಬಿಳುಪು ಮುದ್ರಣಗಳು ಸಾಕಷ್ಟು ಗಟ್ಟಿ. ಆದರೆ 1970–80ರ ದಶಕಗಳ ವರ್ಣಚಿತ್ರಗಳ ಬಣ್ಣಗಳು ಮಾಸಿ ಕೆಂಪಿಗೆ ತಿರುಗುತ್ತಿವೆ. ಅಂಟುಹಾಳೆಯ ಆಲ್ಬಂಗಳಿಂದ ಚಿತ್ರವನ್ನು ಬಿಡಿಸಹೋದರೆ ಹರಿಯುತ್ತದೆ. ಸ್ಟುಡಿಯೋಗಳು ಮುಚ್ಚಿದಾಗ ಹಳೆಯ ನೆಗೆಟಿವುಗಳನ್ನು ಬೆಳ್ಳಿ ತೆಗೆಯುವವರಿಗೆ ತೂಕಕ್ಕೆ ಮಾರಿದ್ದೂ ಉಂಟು. ಚಿತ್ರಗಳನ್ನು ಸ್ಕ್ಯಾನ್ ಮಾಡಿಸುವ ಕುಟುಂಬಗಳು ಮುಂಬದಿಯನ್ನಷ್ಟೇ ಮಾಡಿಸುತ್ತವೆ; ಪೆನ್ಸಿಲಿನ ಬರಹ ಹಿಂಬದಿಯಲ್ಲಿಯೇ ಉಳಿಯುತ್ತದೆ.

ಆದುದರಿಂದ ಹೊರನಾಡಿನಲ್ಲಿ ಕ್ಷೇತ್ರಕಾರ್ಯ ನಡೆಸುವ ಸಂಶೋಧಕರು ಆಲ್ಬಂ ನೋಡಿ ಮುಗಿಸದೆ ನೆಗೆಟಿವಿನ ಲಕೋಟೆಯನ್ನೂ ಕೇಳಿ ಪಡೆಯುವುದು ಒಳಿತು. ನೆಗೆಟಿವಿನ ಅಂಚಿನಲ್ಲಿ ತಯಾರಕರ ಹೆಸರು ಅಚ್ಚಾಗಿರುತ್ತದೆ. ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಲ್ಲಿ ಉತ್ಪಾದನೆ ಆರಂಭವಾದುದು 1967ರಲ್ಲಿ. ಆದಕಾರಣ ಅದರ 'ಇಂದು' ಫಿಲ್ಮು ದೊರೆತರೆ ಆ ಮದುವೆ ಅದಕ್ಕಿಂತ ಹಿಂದಿನದಾಗಲಾರದು. ಕತ್ತರಿಸದ ಪಟ್ಟಿಯಲ್ಲಿ ಚಿತ್ರಗಳು ತೆಗೆದ ಕ್ರಮದಲ್ಲಿಯೇ ಇರುತ್ತವೆ; ಆಲ್ಬಂ ಕಟ್ಟಿದವರು ಬದಲಿಸಿದ ಅನುಕ್ರಮವೂ ಕೈಬಿಟ್ಟ ಚಿತ್ರಗಳೂ ಅಲ್ಲಿಯೇ ದೊರೆಯುತ್ತವೆ.