ಸಿಹಿಗೂ ಒಂದು ದಿನ ಅಂತ ಇತ್ತು

ಈಗ ಯಾರ ಮನೆಗೆ ಹೋದ್ರೂ ಒಂದೇ ಮಾತು: "ಸಕ್ಕರೆ ಬಿಟ್ಬಿಟ್ಟಿದೀವಿ, ಪಾಯಸಕ್ಕೂ ಬೆಲ್ಲನೇ." ಒಳ್ಳೇದೇ. ಆದ್ರೆ ಇದೇನೋ ಹೊಸ ಪದ್ಧತಿ ಅನ್ನೋ ಹಂಗೆ ಮಾತಾಡ್ತಾರಲ್ಲ, ಅದಕ್ಕೇ ಇದನ್ನ ಬರೀತಿದೀನಿ. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಅಡುಗೆಮನೆಗೆ ಆಮೇಲೆ ಬಂದಿದ್ದು ಸಕ್ಕರೆ. ಬೆಲ್ಲ ಮೊದ್ಲಿಂದ್ಲೂ ಐತೆ.

ನಮ್ಮ ಹಬ್ಬಗಳನ್ನೇ ನೋಡ್ರಿ. ಯುಗಾದಿಗೆ ಬೇವು-ಬೆಲ್ಲ, ಹೋಳಿಗೆ. ನಾಗರ ಪಂಚಮಿಗೆ ಚಿಗಳಿ, ತಂಬಿಟ್ಟು. ಗಣಪತಿಗೆ ಕಡುಬು. ಸಂಕ್ರಾಂತಿಗೆ ಎಳ್ಳು-ಬೆಲ್ಲ. ಆ ಎಳ್ಳಿನ ಜೊತೆ ಕೊಡೋ ಸಕ್ಕರೆ ಅಚ್ಚು ಒಂದನ್ನ ಬಿಟ್ರೆ ಎಲ್ಲಾದಕ್ಕೂ ಬೆಲ್ಲನೇ ಬೇಕು.

ಹಂಗಂತ ಹಿಂದಿನೋರಿಗೆ ಸಕ್ಕರೆ ಗೊತ್ತೇ ಇರ್ಲಿಲ್ಲ ಅಂತಲ್ಲ. ಟಿಪ್ಪು ಸುಲ್ತಾನ ತೀರಿಕೊಂಡ ಮಾರನೇ ವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯ ಮೈಸೂರು ಸೀಮೆ ಸುತ್ತೋಕೆ ಹೊರಟ. ಚಿಕ್ಕಬಳ್ಳಾಪುರದಲ್ಲಿ ಬಿಳೀ ಸಕ್ಕರೆ, ಕಲ್ಲುಸಕ್ಕರೆ ಮಾಡ್ತಿದ್ದುದನ್ನ ಬರೆದಿಟ್ಟಿದಾನೆ. ಆದ್ರೆ ಅದು ದುಡ್ಡಿದ್ದೋರ ಪದಾರ್ಥ. ರಾಗಿ, ಜೋಳ, ನವಣೆ, ಸಾಮೆ ಬೆಳೆಯೋ ನಮ್ಮ ಮನೆಗಳಿಗೆಲ್ಲಿ ಬರ್ಬೇಕು?

ಕಬ್ಬಿಗೆ ನೀರು ಬೇಕು, ನಮ್ಮದು ಬರದ ಸೀಮೆ. ವೇದಾವತಿಗೆ ಮಾರಿಕಣಿವೆಯಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದ್ದು 1907ರಲ್ಲಿ. ಮಗನ ಪರವಾಗಿ ರಾಜ್ಯ ನೋಡಿಕೊಂಡ ಮಹಾರಾಣಿ ವಾಣಿವಿಲಾಸ ಸನ್ನಿಧಾನದೋರ ಹೆಸರನ್ನೇ ಅದಕ್ಕಿಟ್ರು. ಕಾಲುವೆ ನೀರು ಹರಿದಮೇಲೆ ಹಿರಿಯೂರು ಕಡೆ ಕಬ್ಬೂ ಬಂತು, ಆಲೆಮನೆನೂ ಬಂತು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಸುಣ್ಣ ಹಾಕಿ, ಬೆಂಡೆ ಗಿಡದ ಲೋಳೆ ಬಿಟ್ಟು, ಮೇಲೆ ಬಂದ ಕೊಳೆ ತೆಗೆದು, ಪಾಕ ನೋಡಿ ಅಚ್ಚಿಗೆ ಹೊಯ್ಯೋದು. ಬಣ್ಣ ಕಂದಾಗೇ ಇರ್ತಿತ್ತು.

1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ನಮ್ಮ ಮಾರಿಕಣಿವೆ ಕೋಡಿ ಬಿದ್ದಿದ್ದೂ ಅದೇ ವರ್ಷ; ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ನಡುವೆ ಹಿರಿಯೂರಲ್ಲೂ ಸಹಕಾರಿ ಸಕ್ಕರೆ ಕಾರ್ಖಾನೆ ಬಂತು, ಬಾಗಿಲೂ ಹಾಕ್ತು.

ಆದ್ರೆ ಸಕ್ಕರೆ ನಮ್ಮ ಡಬ್ಬಿಗೆ ಬಂದು ಕೂತಿದ್ದು ರೇಷನ್ ಕಾರ್ಡಿನಿಂದ. ಕಾರ್ಖಾನೆಗಳು ತಮ್ಮ ಸಕ್ಕರೆಯಲ್ಲಿ ಒಂದು ಪಾಲನ್ನ ಸರ್ಕಾರ ಹೇಳಿದ ಬೆಲೆಗೆ ಕೊಡ್ಬೇಕು ಅನ್ನೋ ಲೆವಿ ಪದ್ಧತಿ ಇತ್ತು, ಅದನ್ನ ತೆಗೆದಿದ್ದು 2013ರಲ್ಲಿ. ಅಲ್ಲೀವರೆಗೂ ಸೊಸೈಟಿ ಅಂಗಡಿ ಮುಂದೆ ಚೀಲ ಹಿಡ್ಕೊಂಡು ನಿಂತಿದ್ದು ನಿಮಗೂ ನೆನಪಿರ್ಬೇಕು. ಅದರ ಜೊತೆಗೆ ಟೀ ಬಂತು. ಕುದಿಯೋ ಹಾಲಿಗೆ ಬೆಲ್ಲ ಹಾಕಿದ್ರೆ ಒಡೀತದೆ, ಸಕ್ಕರೆಗೆ ಆ ತಾಪತ್ರಯ ಇಲ್ಲ. ನೆಂಟರಿಗೆ ಸಕ್ಕರೆ ಟೀ, ಮನೆಯೋರಿಗೆ ಬೆಲ್ಲದ ಕಾಫಿ ಅನ್ನೋ ಮೇಲು-ಕೀಳೂ ಶುರುವಾಯ್ತು.

ನನಗೆ ಕಾಣೋದು ಇಷ್ಟು. ಬೆಲ್ಲಕ್ಕೆ ಒಂದು ದಿನ ಇತ್ತು. ಹಬ್ಬ, ಜಾತ್ರೆ, ಮದುವೆ, ಬಾಣಂತನ, ಅಷ್ಟೇ. ಆ ದಿನ ಹೊಟ್ಟೆ ತುಂಬ ಹುಗ್ಗಿ ಉಂಡು, ಮಾರನೇ ದಿನ ಮುದ್ದೆ-ಸಾರು ಉಂಡು ಹೊಲಕ್ಕೆ ಹೋಗೋರು. ಸಕ್ಕರೆಗೆ ಹಬ್ಬನೇ ಬೇಕಾಗ್ಲಿಲ್ಲ, ದಿನಾ ಮೂರು ಹೊತ್ತು ಲೋಟದೊಳಗೇ ಇಳೀತು.

ಈಗ ಅದೇ ಅಭ್ಯಾಸ ಇಟ್ಕೊಂಡು ಸಕ್ಕರೆ ಬದಲು ಬೆಲ್ಲ ಹಾಕಿದ್ರೆ ಏನೂ ಬದಲಾಗಲ್ಲ. ಬೆಲ್ಲದಲ್ಲಿ ಒಂಚೂರು ಕಬ್ಬಿಣದಂಶ ಐತೆ, ರುಚಿ ಐತೆ, ಖರೆ. ಆದ್ರೆ ಬಹುಪಾಲು ಅದೇ ಕಬ್ಬಿನ ಸಕ್ಕರೆ. ಶುಗರ್ ಇರೋರು "ಬೆಲ್ಲ ತಾನೇ" ಅಂತ ಎರಡು ಹೋಳಿಗೆ ಜಾಸ್ತಿ ತಿಂದ್ರೆ ರಕ್ತದಲ್ಲಿ ಸಕ್ಕರೆ ಏರೇ ಏರ್ತದೆ. ಜೇನುತುಪ್ಪ, ಖರ್ಜೂರದ ಕಥೆನೂ ಹೆಚ್ಚುಕಮ್ಮಿ ಇದೇ.

ಇನ್ನೊಂದು ಮಾತು. ಬಿಳೀ ಸಕ್ಕರೆ ನೋಡಿ ನೋಡಿ ನಮ್ಮ ಕಣ್ಣಿಗೆ ಬೆಲ್ಲನೂ ಹಳದಿಯಾಗಿ ಹೊಳೀಬೇಕು. ಆ ಬಣ್ಣ ಬರ್ಲಿ ಅಂತಲೇ ಪಾಕಕ್ಕೆ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕ್ತಾರೆ. ಸಂತೆಯಲ್ಲಿ ಕಪ್ಪಗಿರೋ ಬೆಲ್ಲ ಕೇಳಿ ತಗೊಳ್ರಿ.

ಪಾಯಸ ಮಾಡೋರು ಬೆಲ್ಲ ಬ್ಯಾರೆ ಕರಗಿಸಿ, ಸೋಸಿ, ಒಲೆಯಿಂದ ಇಳಿಸಿದ ಮೇಲೆ ಹಾಲು ಸೇರಿಸ್ರಿ, ಒಡೆಯಲ್ಲ. ನವಣಕ್ಕಿ ಹುಗ್ಗಿಗೆ ತೆಂಗಿನಕಾಯಿ ಹಾಲು ಇನ್ನೂ ಚಂದ. ಹೊಸದುರ್ಗ, ಹೊಳಲ್ಕೆರೆಯೋರಿಗೆ ಕಾಯಿಗೇನು ಬರ? ಮಾಡ್ರಿ, ಎಲ್ಲರಿಗೂ ಬಡಿಸ್ರಿ. ಆದ್ರೆ ಮುಂದಿನ ಹಬ್ಬ ಬರೋತನಕ ಮತ್ತೆ ಮಾಡಬ್ಯಾಡ್ರಿ.