ಎರಡ್ನೇ ದಿನದ ಬೇನೆ

ಗಡಾಯಿಕಲ್ಲು ಹತ್ತದ್ದೆ ಎನಗೆ ಇಪ್ಪತ್ತು ವರ್ಷ ಕಳುದಿತ್ತು. ಟಿಪ್ಪು ಸುಲ್ತಾನ್ 1794ರಲ್ಲಿ ಕಟ್ಟುಸಿದ ಕೋಟೆ, ಸಾವಿರದ ಎಂಟುನೂರಕ್ಕೂ ಮಿಕ್ಕಿ ಮೆಟ್ಲು. ಡಾಕ್ಟ್ರು "ಶುಗರ್ ಅಂಚಿಲಿ ಇದ್ದು, ರಜ ಮೈ ಬಗ್ಗುಸಿ" ಹೇಳಿದ ಮೇಲೆ ನಡವಲೆ ಸುರು ಮಾಡಿ ನಾಕೇ ದಿನ. ಮಗಳು ಗೆಳತ್ತಿಯರೊಟ್ಟಿಂಗೆ ಹೆರಟಪ್ಪಗ "ಆನುದೇ ಬತ್ತೆ" ಹೇಳಿದೆ.

ಹತ್ತುವಗ ಉಸುಲು ಸಿಕ್ಕಿದ್ದು ಅಪ್ಪು. ಇಳಿವಗ ಎಂತ ಕಷ್ಟವೂ ಇಲ್ಲೆ. ಇರುಳು ಲಾಯ್ಕ ಒರಕ್ಕು. ಮರದಿನ ರಜ ಬೇನೆ. ಅದರ ಮರದಿನ ಉದಿಯಪ್ಪಗ ಜಗಲಿಂದ ಜಾಲಿಂಗೆ ಇಪ್ಪ ಒಂದೇ ಒಂದು ಮೆಟ್ಲು ಇಳಿವಲೆ ಕಂಬ ಹಿಡಿಯೆಕ್ಕಾತು! ಆಚಮನೆ ಅಕ್ಕ ನೋಡಿ, "ಐವತ್ತು ಕಳುದ ಮೇಲೆ ನಿನಗೆಂತಕೆ ಈ ಮರುಳು? ಇನ್ನು ಸುಮ್ಮನೆ ಮನೆಲಿ ಕೂರು" ಹೇಳಿತ್ತು. ಎನಗೂ ಹಾಂಗೇ ಕಂಡತ್ತು. ನಮ್ಮಲ್ಲಿ ಎಷ್ಟೋ ಹೆಮ್ಮಕ್ಕೊ ನಡವದರ ನಿಲ್ಸುದು ಈ ಎರಡ್ನೇ ದಿನವೇ ಅಲ್ಲದೋ? ಮನುಗಿದಲ್ಲೇ ಯೋಚನೆ ಆತು: ಈ ಬೇನೆ ಹೊಸತ್ತೋ? ಮದಲಾಣವು ಎಂತ ಮಾಡಿಗೊಂಡಿತ್ತವು?

ಅಜ್ಜಿಯಕ್ಕೊಗೆ ವ್ಯಾಯಾಮ ಹೇಳ್ತ ಶಬ್ದವೇ ಬೇಕಾಗಿತ್ತಿಲ್ಲೆ. ಬಾವಿಂದ ನೀರು ಎಳವದು, ಕಡವ ಕಲ್ಲಿಲಿ ಕಡವದು, ಗುಡ್ಡೆಂದ ಸೊಪ್ಪಿನ ಕಟ್ಟ ಹೊತ್ತುಗೊಂಡು ಬಪ್ಪದು. ಪಂಪು, ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಅದೆಲ್ಲ ಒಂದೊಂದೇ ಬಿಟ್ಟತ್ತು. ಆದರೂ ಅವಕ್ಕೆ ಈ ಬೇನೆ ಗೊಂತಿತ್ತು. ಮಳೆಗಾಲ ಕಳುದು ಸುರುವಾಣ ಅಡಕ್ಕೆ ಕೊಯ್ಲಿಂಗೆ ತೋಟಕ್ಕೆ ಇಳುದು, ಕುಕ್ಕುರುಗಾಲಿಲಿ ಕೂದು ಹೆರ್ಕಿದ ಎರಡ್ನೇ ದಿನ ಎಲ್ಲೋರೂ ತೊಡೆ ಹಿಡ್ಕೊಂಡೇ ಏಳುಗು. ಎನ್ನ ಅಜ್ಜಿ ಬೆಶಿನೀರ ಕೊಟ್ಟಗೆಯ ಹಂಡೆಗೆ ನೆಕ್ಕಿ ಸೊಪ್ಪು ಹಾಕಿ ಕೊದಿಶುಗು, ತೆಂಗಿನೆಣ್ಣೆ ಬೆಶಿ ಮಾಡಿ ಕಾಲಿಂಗೆ ಕಿಟ್ಟುಗು. ಮರದಿನ ತೋಟಕ್ಕೆ ಹೋಪದರ ಮಾತ್ರ ನಿಲ್ಸ. "ಇಂದು ಅರ್ಧ ಹೆಡಗೆ ಹೆರ್ಕಿರೆ ಸಾಕು" ಹೇಳುಗು.

ನಮ್ಮ ಮುಂಡಾಜೆಯ ಮಾರ್ಗಲ್ಲಿಯೂ ಈ ಬೇನೆ ವರ್ಷವೂ ನಡಕ್ಕೊಂಡು ಹೋವುತ್ತು. ಶಿವರಾತ್ರಿ ಹತ್ತರೆ ಬಪ್ಪಗ ಬೆಂಗಳೂರು, ಹಾಸನ, ಚಿಕ್ಕಮಗಳೂರು ಹೊಡೆಂದ ಜನ ನಡಕ್ಕೊಂಡು ಧರ್ಮಸ್ಥಳಕ್ಕೆ ಬತ್ತವನ್ನೆ, ಕೊಟ್ಟಿಗೆಹಾರಂದ ಚಾರ್ಮಾಡಿ ಘಾಟಿ ಇಳುದು. ಮಜ್ಜಿಗೆ ಕುಡಿವಲೆ ನಿಂದ ಒಂದು ಅಕ್ಕ ಒಂದರಿ ಹೇಳಿತ್ತು: "ಅಷ್ಟು ದಿನ ನಡೆದದ್ದು ಏನೂ ಅಲ್ಲ ಕಣಮ್ಮ, ಈ ಘಾಟಿ ಇಳಿದ ಮಾರನೇ ದಿನ ನೋಡಿ, ಕಾಲು ನಮ್ಮದೇ ಅಲ್ಲ." ಆ ಮಾತಿಲೇ ಇದರ ಗುಟ್ಟು ಇತ್ತು. ಎನಗೆ ಅರ್ಥ ಆದ್ದು ಈಗ.

ಹತ್ತುವಗ ತೊಡೆಯ ಮಾಂಸಖಂಡ ಕುಗ್ಗಿ ನಮ್ಮ ಎತ್ತುತ್ತು. ಇಳಿವಗ ಅದೇ ಮಾಂಸಖಂಡ ಉದ್ದ ಆವುತ್ತಾ ಇಪ್ಪಗಳೇ ಮೈಭಾರವ ತಡದು ಹಿಡಿಯೆಕ್ಕು, ಬಾವಿಗೆ ಕೊಡಪ್ಪಾನ ಇಳಿಶುವಗ ಬಳ್ಳಿಯ ರಜರಜವೇ ಬಿಡ್ತ ಹಾಂಗೆ. ಉಸುಲು ಕಟ್ಟದ್ದೆ ಇಪ್ಪ ಕಾರಣ ನವಗೆ ಗೊಂತಾವುತ್ತಿಲ್ಲೆ, ಆದರೆ ಪೆಟ್ಟು ಬೀಳುದು ಅಂಬಗಳೇ.

ಇದರ ಸುರುವಿಂಗೆ ಸರಿಯಾಗಿ ಹೇಳಿದ್ದು 1902ರಲ್ಲಿ, ಅಮೇರಿಕದ ಬಾಸ್ಟನಿಲಿ ಥಿಯೋಡೋರ್ ಹಫ್ ಹೇಳ್ತ ವಿಜ್ಞಾನಿ. ಎರ್ಗೋಗ್ರಾಫ್ ಹೇಳ್ತ ಯಂತ್ರಲ್ಲಿ ಬೆರಳಿಂಗೆ ಕೆಲಸ ಕೊಟ್ಟು ನೋಡಿದವಡ. ಅಭ್ಯಾಸ ಇಲ್ಲದ್ದ ಮಾಂಸಖಂಡಕ್ಕೆ ತಡವಾಗಿ ಬಪ್ಪ ಬೇನೆ ಬೇರೆಯೇ, ಒಳ ಸಣ್ಣ ಸಣ್ಣಕೆ ಹರುದ್ದರಿಂದ ಬಪ್ಪದು ಹೇಳಿ ಬರದವು. ಅದೇ 1902ರಲ್ಲಿ ಇತ್ಲಾಗಿ ಮಲಬಾರಿನ ಕೋಟ್ಟಕ್ಕಲಿಲಿ ಪಿ. ಎಸ್. ವಾರಿಯರ್ ಆರ್ಯ ವೈದ್ಯಶಾಲೆ ಸುರು ಮಾಡಿದ್ದು. ತೈಲ, ಕಷಾಯಂಗಳ ಮನೆಲೇ ಕಾಸದ್ದೆ ಕುಪ್ಪಿಲಿ ಸಿಕ್ಕುವ ಹಾಂಗೆ ಮಾಡಿದವು. ನಮ್ಮ ಕವಾಟಿನ ಧಾನ್ವಂತರಂ ತೈಲಕ್ಕೆ ಅಲ್ಲಿಯಾಣ ನೆಂಟಸ್ತಿಕೆ ಇದ್ದು.

ಹಫ್ ಹೇಳಿದ ಮಾತಿನ ಜನ ಮರದವು. 1907ರಲ್ಲಿ ಕೇಂಬ್ರಿಜಿನ ಫ್ಲೆಚರ್, ಹಾಪ್ಕಿನ್ಸ್ ಕಪ್ಪೆಯ ಮಾಂಸಖಂಡಲ್ಲಿ ಲ್ಯಾಕ್ಟಿಕ್ ಆಮ್ಲದ ಲೆಕ್ಕ ಹಿಡುದವು. 1922ರ ನೊಬೆಲ್ ಹಿಲ್ ಮತ್ತೆ ಮೈಯರ್‌ಹಾಫ್‌ಗೆ ಬಂತು. ಅಂಬಗಂದ "ಆಮ್ಲ ಕಟ್ಟಿದ್ದಕ್ಕೇ ಬೇನೆ" ಹೇಳಿ ಹಬ್ಬಿತ್ತು, ಈಗಳೂ ಜಿಮ್ಮಿಲಿ ಹಾಂಗೇ ಹೇಳ್ತವು. 1981ರಲ್ಲಿ ಸ್ವೀಡನಿನವು ಜನಂಗಳ ಮೆಟ್ಲು ಇಳುಶಿ, ಮೀನಖಂಡದ ಸಣ್ಣ ತುಂಡು ತೆಗದು ಸೂಕ್ಷ್ಮದರ್ಶಕಲ್ಲಿ ನೋಡಿದವು: ಎಳೆಗೊ ಅಲ್ಲಲ್ಲಿ ಕೆದರಿತ್ತು. 1983ರಲ್ಲಿ ಅಮೇರಿಕಲ್ಲಿ 45 ನಿಮಿಷ ಓಡುಸಿದವು. ಸಮತಟ್ಟಿಲಿ ಓಡಿದವಕ್ಕೆ ಆಮ್ಲ ಏರಿತ್ತು, ಬೇನೆ ಹೇಳುವಷ್ಟು ಇಲ್ಲೆ. ಇಳಿಜಾರಿಲಿ ಓಡಿದವಕ್ಕೆ ಆಮ್ಲ ಏರಿದ್ದಿಲ್ಲೆ, ಬೇನೆ ಬಂತು! ಘಾಟಿ ಇಳುದ ಅಕ್ಕ ಹೇಳಿದ್ದೂ ಅದನ್ನೇ ಅಲ್ಲದೋ?

ಅಂಬಗ ಮದ್ದು ಎಂತರ? ವಾಗ್ಭಟನ ಅಷ್ಟಾಂಗಹೃದಯದ ದಿನಚರಿ ಅಧ್ಯಾಯಲ್ಲಿ ವ್ಯಾಯಾಮ ಅರ್ಧ ಶಕ್ತಿಯಷ್ಟು ಮಾತ್ರ, ಅದು ಆದ ಮೇಲೆ ಮೈ ಇಡೀ ಹಿತವಾಗಿ ತಿಕ್ಕೆಕ್ಕು ಹೇಳಿ ಇದ್ದು. ಅಜ್ಜಿಯ ಅರ್ಧ ಹೆಡಗೆಯೂ ಅದೇ ಲೆಕ್ಕ. ಮೆಲ್ಲಂಗೆ ತಿಕ್ಕಿರೆ ಬೇನೆ ರಜ ಕಮ್ಮಿ ಆವುತ್ತು ಹೇಳಿ ಈಗಾಣ ಪರೀಕ್ಷೆಗಳೂ ಹೇಳ್ತವು. ಬೆಶಿನೀರಿಲಿ ಮಿಂದರೆ ಬಿಗಿ ಸಡಿಲ ಆವುತ್ತು. ಕೈಕಾಲು ಎಳದು ಸ್ಟ್ರೆಚ್ ಮಾಡಿರೆ ಈ ಬೇನೆಗೆ ದೊಡ್ಡ ವ್ಯತ್ಯಾಸ ಇಲ್ಲೆ ಹೇಳಿ 2011ರ ಕೊಕ್ರೇನ್ ವಿಮರ್ಶೆ ಹೇಳ್ತು. ಗಟ್ಟಿ ಒತ್ತುಲಾಗ, ಖಾಲಿ ಹೊಟ್ಟೆಗೆ ಬೇನೆ ಮಾತ್ರೆ ನುಂಗುಲಾಗ. ಮನುಗಿಗೊಂಡೇ ಇಪ್ಪದೂ ಬೇಡ, ಜಾಲಿಲಿ ಹತ್ತು ಸುತ್ತು ನಡದರೆ ಸಾಕು. ಐದಾರು ದಿನಲ್ಲಿ ತನ್ನಷ್ಟಕೇ ಹೋವುತ್ತು.

ಆದರೆ ಮೂತ್ರ ಕಣ್ಣ ಚಾಯದ ಬಣ್ಣಕ್ಕೆ ತಿರುಗಿರೆ, ಒಂದೇ ಕಾಲು ಬೀಗಿ ಕೆಂಪಾದರೆ, ವಾರ ಕಳುದರೂ ಬೇನೆ ಹೋಗದ್ರೆ ಎಣ್ಣೆ ಕಿಟ್ಟಿಗೊಂಡು ಕೂಪದಲ್ಲ, ಡಾಕ್ಟ್ರಲ್ಲಿಗೆ ಹೋಯೆಕ್ಕು.

ಇನ್ನೊಂದು ಸಂಗತಿ ಇದ್ದು. ಒಂದರಿ ಬೇನೆ ತಿಂದ ಮಾಂಸಖಂಡ ಕಲ್ತುಗೊಳ್ತು. ಕೆಲವು ವಾರದ ಒಳ ಅದೇ ಕೆಲಸ ಮಾಡಿರೆ ಬೇನೆ ಎಷ್ಟೋ ಕಮ್ಮಿ. ಎರಡ್ನೇ ದಿನ ಹೆದರಿ ಬಿಟ್ಟರೆ, ಬೇನೆ ತಿಂದದ್ದು ನಾವು, ಲಾಭ ಆರಿಂಗೂ ಇಲ್ಲೆ! ಮೂರು ವಾರ ಬಿಟ್ಟು ಪುನಾ ಗಡಾಯಿಕಲ್ಲಿಂಗೆ ಹೋದೆ, ಅರ್ಧ ದಾರಿ ಮಾತ್ರ. ಮೂರ್ನೇ ದಿನ ಕಂಬ ಹಿಡಿಯದ್ದೇ ಜಾಲಿಂಗೆ ಇಳುದೆ. ಆಚಮನೆ ಅಕ್ಕ ನೋಡಿಗೊಂಡೇ ಇತ್ತು. ಈಗ ಹೊತ್ತೋಪಗ ಅದುದೇ ಒಟ್ಟಿಂಗೆ ಬತ್ತು.

ಈ ಸರ್ತಿ ಶಿವರಾತ್ರಿಗೆ ಮಾರ್ಗದ ಕರೇಲಿ ಮಜ್ಜಿಗೆಯೊಟ್ಟಿಂಗೆ ಒಂದು ಹಂಡೆ ಬೆಶಿನೀರುದೇ ಮಡುಗುವ ಹೇಳಿ ಮಾತಾಡಿಗೊಂಡಿದೆಯ°. ನೆಕ್ಕಿ ಸೊಪ್ಪು ಇಪ್ಪವು ರಜ ತನ್ನಿ.